ಎಂಜಲ ಸೂತಕವೂ ಕಫದ ಸಾಕ್ಷ್ಯವೂ

ಲಿಂಗವಂತರಿಗೆ ಪಂಚಸೂತಕಗಳಿಲ್ಲವೆಂಬ ಮಾತನ್ನು ತಾವು ಮಠದ ಪ್ರಸಾದನಿಲಯದಲ್ಲಿದ್ದ ದಿನಗಳಿಂದಲೂ ಕೇಳುತ್ತ ಬಂದಿರುವಿರಿ. ಜನನ, ಮರಣ, ರಜಸ್ಸು, ಜಾತಿ ಎಂಬ ನಾಲ್ಕು ಸೂತಕಗಳನ್ನು ಕುರಿತು ನಮ್ಮ ಪುರಾಣ ಪ್ರವಚನಗಳಲ್ಲಿ ವಿಸ್ತಾರವಾದ ವಿವೇಚನೆ ನಡೆಯುತ್ತದೆ. ಐದನೆಯದಾದ ಉಚ್ಛಿಷ್ಟಸೂತಕ, ಎಂದರೆ ಎಂಜಲ ಮೈಲಿಗೆ, ಹೆಸರಿಗೆ ಮಾತ್ರ ಬಂದು ಮರೆಯಾಗುತ್ತದೆ. ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವಾಗ ಅದನ್ನು ನಾವು ಸುಲಭವಾಗಿ ಮೀರಿರಬಹುದು. ಆದರೆ ಬಾಯಿಂದ ಹೊರಬಿದ್ದ ಕಫವನ್ನು ಕಂಡು ಮುಖ ತಿರುವದವರು ನಮ್ಮಲ್ಲಿ ಎಷ್ಟು ಮಂದಿ? ಆಸ್ಪತ್ರೆಯಲ್ಲಿ ಚಿಕ್ಕದೊಂದು ಡಬ್ಬಿಯನ್ನು ಕೈಗಿತ್ತು ‘ಕೆಮ್ಮಿ ಕಫ ತೆಗೆದುಕೊಡಿ’ ಎಂದರೆ, ನಾಲ್ಕು ಜನರ ಎದುರು ಅದನ್ನು ಹಿಡಿದು ನಡೆಯಲು ನಾಚಿ, ಗೋಡೆಯ ಮರೆಗೆ ಹೋಗಿ, ಎರಡು ಹನಿ ಉಗುಳನ್ನು ಅದರಲ್ಲಿ ಬಿಟ್ಟು ತಂದುಕೊಡುವ ಹಿರಿಯರನ್ನು ತಾವೂ ಕಂಡಿರಬಹುದು. ಹಾಗೆ ಕೊಟ್ಟ ಉಗುಳಿನಲ್ಲಿ ರೋಗ ಸಿಕ್ಕುವುದು ದುರ್ಲಭ. ರೋಗವಿಲ್ಲವೆಂಬ ಚೀಟಿ ಮಾತ್ರ ಸಿಕ್ಕುತ್ತದೆ. ಅದನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹಿಂದಿರುಗಿದವರು ಮತ್ತೆ ಆರು ತಿಂಗಳು ಕೆಮ್ಮುತ್ತಾರೆ.

ಈ ತಿರಸ್ಕೃತ ವಸ್ತುವಿನ ಚರಿತ್ರೆಯನ್ನು ತಮ್ಮ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ. ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ವೈದ್ಯರು ಕಫದ ಬಣ್ಣವನ್ನು, ವಾಸನೆಯನ್ನು, ಅಂಟನ್ನು ನೋಡಿ ಎದೆಯೊಳಗಣ ರೋಗವನ್ನು ಊಹಿಸುತ್ತ ಬಂದರು. ಆ ಬಣ್ಣ ಯಾವುದರದು, ಆ ವಾಸನೆ ಯಾವುದರದು, ಆ ಅಂಟು ಯಾವುದರದು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತುದು ಕಳೆದ ನೂರು ನೂರೈವತ್ತು ವರ್ಷಗಳಲ್ಲಿ. ಸೋಜಿಗವೆಂದರೆ ಈ ಪ್ರಶ್ನೆಗಳಿಗೆಲ್ಲ ಬಂದ ಉತ್ತರ ಬಹುಮಟ್ಟಿಗೆ ಒಂದೇ: ಪ್ರೋಟೀನು. ನಮ್ಮ ಹಳೆಯ ಶಾಲಾಪುಸ್ತಕಗಳು ಸಸಾರಜನಕವೆಂದು ಕರೆಯುತ್ತಿದ್ದ, ಬೇಳೆಯಲ್ಲಿಯೂ ಹಾಲಿನಲ್ಲಿಯೂ ಇರುವ ವರ್ಗದ ವಸ್ತುವೇ ಅದು. ಹಳೆಯ ವೈದ್ಯರು ಅದರ ಹೆಸರನ್ನರಿಯದೆಯೇ ಅದನ್ನು ನೋಡುತ್ತಿದ್ದರು.

ನಮ್ಮ ದೇಶದಿಂದಲೇ ಆರಂಭಿಸೋಣ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ರಾಜಯಕ್ಷ್ಮಕ್ಕೆ ಪ್ರತ್ಯೇಕವಾದ ಒಂದು ಅಧ್ಯಾಯವೇ ಮೀಸಲಾಗಿದೆ. ಶಕ್ತಿಮೀರಿದ ಸಾಹಸ, ಮಲಮೂತ್ರಾದಿ ವೇಗಗಳ ನಿರೋಧ, ಧಾತುಕ್ಷಯ, ವಿಷಮಾಹಾರ ಎಂಬ ನಾಲ್ಕು ಕಾರಣಗಳನ್ನು ಹೇಳುವ ಆ ಗ್ರಂಥವು, ರೋಗಿಯು ಕೆಮ್ಮಿ ಉಗುಳುವ ವಸ್ತುವನ್ನೂ ಬಿಡದೆ ಗಮನಿಸಿದೆ. ಅದು ಜಿಗುಟಾಗಿ, ದುರ್ಗಂಧದಿಂದ ಕೂಡಿ, ಹಸಿರು ಬಿಳಿ ಹಳದಿ ಬಣ್ಣಗಳಲ್ಲಿ ಹೊರಬೀಳುವುದೆಂದು ಅಲ್ಲಿ ವರ್ಣಿಸಿದೆ. ಇಲ್ಲಿ ಒಂದು ಎಚ್ಚರ ಅಗತ್ಯ. ಆಯುರ್ವೇದವು ತ್ರಿದೋಷಗಳಲ್ಲಿ ಒಂದಾಗಿ ಹೇಳುವ ಕಫ ಬೇರೆ, ಆಡುಮಾತಿನಲ್ಲಿ ನಾವು ಕಫವೆಂದು ಕರೆಯುವ ಈ ಉಗುಳುವ ವಸ್ತು ಬೇರೆ. ಎರಡನ್ನೂ ಒಂದೇ ಎಂದು ತಿಳಿದು ವಾದಕ್ಕಿಳಿಯುವವರು ಇಂದಿಗೂ ಇದ್ದಾರೆ. ಈ ಲೇಖನದಲ್ಲಿ ಬರುವುದು ಎರಡನೆಯದು ಮಾತ್ರ.

ಗ್ರೀಸ್ ದೇಶದಲ್ಲಿ ಹಿಪ್ಪೊಕ್ರೆಟೀಸನ ಹೆಸರಿನಲ್ಲಿ ಉಳಿದುಬಂದಿರುವ ಗ್ರಂಥಗಳಲ್ಲಿಯೂ ಇಂತಹುದೇ ಸೂಕ್ಷ್ಮಾವಲೋಕನವಿದೆ. ಶ್ವಾಸಕೋಶದ ಬೇನೆಯಲ್ಲಿ ಕಫವು ಬೇಗನೆ ಸುಲಭವಾಗಿ ಹೊರಬಂದರೆ ಒಳ್ಳೆಯದು. ಗಾಢ ಹಸಿರಾಗಿ ನೊರೆಗಟ್ಟಿದ್ದರೆ ಕೆಟ್ಟುದು. ಕಪ್ಪಾಗಿದ್ದರೆ ಇನ್ನೂ ಕೆಟ್ಟುದು. ಕ್ಷಯರೋಗಿಯ ಕಫವನ್ನು ಕೆಂಡದ ಮೇಲೆ ಸುರಿದಾಗ ಭಾರವಾದ ನಾತ ಎದ್ದರೆ, ಜೊತೆಗೆ ತಲೆಯ ಕೂದಲೂ ಉದುರುತ್ತಿದ್ದರೆ, ರೋಗಿ ಉಳಿಯಲಾರನೆಂದು ಒಂದು ಸೂತ್ರವಿದೆ. ಓದಿದೊಡನೆ ಮಾಟಮಂತ್ರದಂತೆ ಕಾಣುವ ಮಾತಿದು. ಆದರೆ ಕೂದಲು ಸುಟ್ಟಾಗ, ಉಣ್ಣೆಯ ಕಂಬಳಿಗೆ ಕಿಡಿ ತಗುಲಿದಾಗ ಬರುವ ಕಮಟು ವಾಸನೆಯನ್ನು ನೆನೆದುಕೊಳ್ಳಿ. ಅದು ಪ್ರೋಟೀನು ಸುಡುವ ವಾಸನೆ. ಕೀವು ತುಂಬಿದ ಕಫದಲ್ಲಿ ಪ್ರೋಟೀನಿನ ಅಂಶ ಹೆಚ್ಚು. ಕೆಂಡದ ಮೇಲೆ ಬಿದ್ದಾಗ ನಾತವೂ ಹೆಚ್ಚು. ಆ ವೈದ್ಯನ ಊಹೆಗೆ ಅನುಭವದ ಆಧಾರವಿದ್ದಿರಬೇಕೆಂದು ನನಗೆ ತೋರುತ್ತದೆ.

ಇದಾದ ಮೇಲೆ ಬಹುಶತಮಾನಗಳ ಕಾಲ ಹೇಳಿಕೊಳ್ಳುವಂತಹ ಬೆಳವಣಿಗೆ ಕಾಣುವುದಿಲ್ಲ. ಫ್ರಾನ್ಸಿನ ರೆನೆ ಲೆನೆಕ್ 1816ರಲ್ಲಿ ಎದೆಗೆ ಕೊಳವೆಯಿಟ್ಟು ಆಲಿಸುವ ಉಪಾಯವನ್ನು ಕಂಡುಹಿಡಿದು, 1819ರಲ್ಲಿ ಪ್ರಕಟಿಸಿದ ಗ್ರಂಥದಿಂದ ಲೋಕವಿಖ್ಯಾತನಾದನು. ಕಿವಿಯಿಂದ ರೋಗವನ್ನು ಓದಲು ಕಲಿಸಿದ ಅದೇ ವೈದ್ಯನು ಕಣ್ಣನ್ನು ಮರೆತವನಲ್ಲ. ಒಂದು ಬಗೆಯ ಶ್ವಾಸನಾಳದ ಬೇನೆಯಲ್ಲಿ ಹೊರಬೀಳುವ ಮುತ್ತಿನಂತಹ ಗುಂಡಾದ ಕಫದ ಉಂಡೆಗಳನ್ನು ಅವನು ಬಣ್ಣಿಸಿದ್ದಾನೆ. ಎಷ್ಟೋ ಕ್ಷಯರೋಗಿಗಳ ಎದೆಗೆ ಕಿವಿಗೊಟ್ಟ ಲೆನೆಕ್ 1826ರಲ್ಲಿ ಕ್ಷಯದಿಂದಲೇ ತೀರಿಕೊಂಡನು.

ಸೂಕ್ಷ್ಮದರ್ಶಕವು ವೈದ್ಯರ ಮೇಜಿನ ಮೇಲೆ ನೆಲೆಗೊಂಡ ನಂತರ ಕಫದಲ್ಲಿ ಹೊಸದೊಂದು ಪ್ರಪಂಚ ಕಾಣಿಸಿತು. 1853ರಲ್ಲಿ ಪ್ಯಾರಿಸ್ಸಿನ ಶಾರ್ಕೊ ಎಂಬಾತನು ರೋಬಾನ್ ಎಂಬವನೊಡಗೂಡಿ, ರಕ್ತದ ಕಾಯಿಲೆಯಿಂದ ಸತ್ತವನೊಬ್ಬನ ಗುಲ್ಮದಲ್ಲಿ ಎರಡೂ ತುದಿ ಚೂಪಾದ, ಬಣ್ಣವಿಲ್ಲದ ಹರಳುಗಳನ್ನು ಕಂಡು ವರ್ಣಿಸಿದ್ದನು. 1872ರಲ್ಲಿ ಜರ್ಮನಿಯ ಅರ್ನ್ಸ್ಟ್ ಲೈಡೆನ್ ಅಂತಹುದೇ ಹರಳುಗಳನ್ನು ಗೂರಲು ರೋಗಿಗಳ ಕಫದಲ್ಲಿ ಕಂಡನು. ನೂಲುವ ಕದಿರನ್ನು ನೆನೆಯಿರಿ; ನಡುವೆ ದಪ್ಪವಾಗಿ ಎರಡು ಕಡೆಗೂ ಮೊನಚಾದ ಆಕಾರ. ಲೈಡೆನ್ ಒಂದು ಸಿದ್ಧಾಂತವನ್ನೂ ಮುಂದಿಟ್ಟನು. ಈ ಮೊನಚಾದ ಹರಳುಗಳು ಶ್ವಾಸನಾಳದ ಒಳಪೊರೆಯನ್ನು ಚುಚ್ಚಿ, ಅಲ್ಲಿರುವ ನರಗಳ ತುದಿಯನ್ನು ಕೆರಳಿಸುವುದರಿಂದಲೇ ನಾಳವು ಬಿಗಿದುಕೊಂಡು ಉಸಿರು ಕಟ್ಟುವುದೆಂದು ಅವನು ನಂಬಿದನು. ಇತರ ವಿದ್ವಾಂಸರು ಇದನ್ನು ಒಪ್ಪಲಿಲ್ಲ. ಗೂರಲಿಲ್ಲದವರಲ್ಲಿಯೂ, ಹೊಟ್ಟೆಹುಳುವಿನ ರೋಗಿಗಳ ಮಲದಲ್ಲಿಯೂ ಅವೇ ಹರಳುಗಳು ದೊರೆತುವು. ಹೀಗಾಗಿ ಶಾರ್ಕೊ-ಲೈಡೆನ್ ಹರಳುಗಳೆಂಬ ಹೆಸರು ಪಠ್ಯಪುಸ್ತಕಗಳಲ್ಲಿ ಉಳಿಯಿತು. ಲೈಡೆನ್‌ನ ಸಿದ್ಧಾಂತ ಮೂಲೆಗೆ ಸರಿಯಿತು. ಈ ಹರಳುಗಳನ್ನು ತಾವು ನೆನಪಿನಲ್ಲಿಟ್ಟುಕೊಂಡಿರಬೇಕೆಂದು ಕೋರುತ್ತೇನೆ, ಮತ್ತೆ ಅವುಗಳ ಬಳಿಗೆ ಬರುವುದಿದೆ.

1882ನೆಯ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಕ್ಷಯದ ಕ್ರಿಮಿಯನ್ನು ಕಂಡುಹಿಡಿದುದಾಗಿ ಸಾರಿದನು. ಅಂದಿನಿಂದ ಕಫಪರೀಕ್ಷೆ ಎಂದರೆ ಕ್ರಿಮಿಯ ಹುಡುಕಾಟವೆಂದೇ ಆಗಿಬಿಟ್ಟಿತು. ಪಾಲ್ ಎರ್ಲಿಕ್ ಆ ಕ್ರಿಮಿಗೆ ಬಣ್ಣ ಹಚ್ಚುವ ವಿಧಾನವನ್ನು ಸುಲಭಗೊಳಿಸಿದನು. ಜೀಲ್ ಮತ್ತು ನೀಲ್ಸನ್ ಎಂಬವರು ಅದನ್ನು ತಿದ್ದಿದರು. ಕೆಲವು ವರ್ಷಗಳ ಬಳಿಕ ಎರ್ಲಿಕ್ ತನ್ನದೇ ಕಫವನ್ನು ಪರೀಕ್ಷಿಸಿ, ಅದರಲ್ಲಿ ಕ್ಷಯದ ಕ್ರಿಮಿಯನ್ನು ಕಂಡು, ಹವೆ ಬದಲಾಯಿಸಲು ಈಜಿಪ್ಟ್ ದೇಶಕ್ಕೆ ಹೋಗಬೇಕಾಯಿತು.

ಕಾಕ್‌ನ ಪರೀಕ್ಷೆ ನಮ್ಮ ಹಳ್ಳಿಗಳನ್ನು ಮುಟ್ಟಿದ ಕಥೆಯಲ್ಲಿ ಕರ್ನಾಟಕಕ್ಕೆ ಗೌರವದ ಸ್ಥಾನವಿದೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. ಹಳ್ಳಿಯ ಜನರು ಅಜ್ಞಾನಿಗಳು, ರೋಗ ಬಂದರೂ ಅರಿಯರು, ಆದುದರಿಂದ ಎಕ್ಸ್-ರೇ ವಾಹನಗಳನ್ನೇರಿ ನಾವೇ ಊರೂರಿಗೆ ಹೋಗಿ ಅವರನ್ನು ಹುಡುಕಬೇಕೆಂಬ ಭಾವನೆ ಆಗ ಬಲವಾಗಿತ್ತು. ಆ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬವರು ತುಮಕೂರು ಜಿಲ್ಲೆಯಲ್ಲಿ ರೋಗಿಗಳನ್ನು ಅವರ ಮನೆಗಳಲ್ಲಿಯೇ ಕಂಡು ವಿಚಾರಿಸಿದರು. 1963ರಲ್ಲಿ ಪ್ರಕಟವಾದ ಅವರ ವರದಿ ಅಂದಿನ ಭಾವನೆಯನ್ನು ತಲೆಕೆಳಗು ಮಾಡಿತು. ಕಫದಲ್ಲಿ ಕ್ರಿಮಿಯಿದ್ದ ರೋಗಿಗಳಲ್ಲಿ ಬಹುಪಾಲು ಜನ ತಮ್ಮ ಕೆಮ್ಮನ್ನು ಚೆನ್ನಾಗಿ ಅರಿತಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಯಾವುದಾದರೊಂದು ಚಿಕಿತ್ಸಾಲಯದ ಬಾಗಿಲನ್ನು ತಟ್ಟಿ ಬಂದಿದ್ದರು. ಅಲ್ಲಿ ಅವರಿಗೆ ದೊರೆತುದು ಕೆಮ್ಮಿನ ಔಷಧದ ಒಂದು ಸೀಸೆ. ಅವರ ಕಫವನ್ನು ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ. ಎಂಜಲಿಗೆ ಹೇಸಿದವರು ಹಳ್ಳಿಯವರೋ, ಬಿಳಿಯಂಗಿಯವರೋ ಎಂದು ಕೇಳಬೇಕಾದ ಸಂದರ್ಭವಿದು. ಈ ಅಧ್ಯಯನದ ಫಲವಾಗಿ, ಕೆಮ್ಮಿಗೆಂದು ತಾವಾಗಿ ಬಂದವರ ಕಫವನ್ನು ಸ್ಥಳೀಯ ಆರೋಗ್ಯಕೇಂದ್ರದಲ್ಲಿಯೇ ಸೂಕ್ಷ್ಮದರ್ಶಕದಿಂದ ನೋಡುವ ಪದ್ಧತಿಯು, 1962ರಲ್ಲಿ ರೂಪುಗೊಂಡ ಜಿಲ್ಲಾ ಕ್ಷಯ ಕಾರ್ಯಕ್ರಮದ ತಳಹದಿಯಾಯಿತು.

ಕ್ರಿಮಿಯ ಮಾತು ಇಷ್ಟು ಸಾಕು. ಕ್ರಿಮಿಯನ್ನು ಕಂಡ ಸಡಗರದ ನಡುವೆ, ಕಫವೆಂಬ ವಸ್ತು ತಾನೇ ಏನು ಎಂದು ಕೇಳಿದವರು ಕೆಲವರೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಫ್ರೀಡ್ರಿಕ್ ಮ್ಯೂಲರ್, ಕಫದ ಅಂಟಿಗೆ ಕಾರಣವಾದ ಮ್ಯೂಸಿನ್ ಎಂಬ ವಸ್ತುವನ್ನು ಬೇರ್ಪಡಿಸಿ, ಅದು ಸಕ್ಕರೆಯ ಜಾತಿಯ ಅಂಶವನ್ನು ಮೈಗೂಡಿಸಿಕೊಂಡ ಪ್ರೋಟೀನೆಂದು ತೋರಿಸಿದನು. ಅಂಟಿನ ಗುಟ್ಟು ಹೀಗೆ ಬಯಲಾಯಿತು. ಬಳಿಕ 1909ರಲ್ಲಿ ಪ್ಯಾರಿಸ್ಸಿನ ರೋಜೆ ಮತ್ತು ಲೆವಿ-ವಲಾನ್ಸಿ ಎಂಬ ವೈದ್ಯರು ಕಫದ ಪ್ರೋಟೀನನ್ನೇ ರೋಗನಿರ್ಣಯದ ಸಾಧನವಾಗಿ ಮಾಡಲು ಯತ್ನಿಸಿದರು. ವಿಧಾನವು ನಮ್ಮ ಅಡುಗೆಮನೆಗೆ ಹೊರತಾದುದಲ್ಲ. ಹಾಲಿಗೆ ನಿಂಬೆರಸ ಹಿಂಡಿದರೆ ಅದು ಒಡೆದು ಗಸಿ ಬೇರೆಯಾಗುತ್ತದೆ; ಬಟ್ಟೆಯಲ್ಲಿ ಸೋಸಿದ ತಿಳಿನೀರನ್ನು ಮತ್ತೆ ಕುದಿಸಿದರೆ ಅದರಲ್ಲಿಯೂ ಬಿಳಿಯ ಎಳೆಗಳು ತೇಲುತ್ತವೆ. ಹಾಗೆಯೇ ಕಫವನ್ನು ನೀರಿನಲ್ಲಿ ಕಲಕಿ, ವಿನಿಗರ್‌ನಲ್ಲಿರುವ ಅಸಿಟಿಕ್ ಆಮ್ಲದ ಕೆಲವು ಹನಿಗಳನ್ನು ಬಿಟ್ಟರೆ ಮ್ಯೂಸಿನ್ ಗಟ್ಟಿಯಾಗುತ್ತದೆ. ಸೋಸಿ ಉಳಿದ ನೀರನ್ನು ಕಾಯಿಸಿದಾಗ ಅದು ಮಂಜಾದರೆ, ಅಲ್ಲಿ ಆಲ್ಬುಮಿನ್ ಇದೆಯೆಂದು ಅರ್ಥ. ಆಲ್ಬುಮಿನ್ ರಕ್ತದ ಪ್ರೋಟೀನು; ಅದು ಕಫದಲ್ಲಿ ವಿಶೇಷವಾಗಿ ಕಂಡುಬಂದರೆ ಶ್ವಾಸಕೋಶದ ಒಳಗೋಡೆ ಸೋರುತ್ತಿದೆಯೆಂದು ತಿಳಿಯಬೇಕು. ಸಾಮಾನ್ಯ ನೆಗಡಿಕೆಮ್ಮಿನಲ್ಲಿ ಹೀಗಾಗದು, ಕ್ಷಯದಲ್ಲಿ ಆಗುತ್ತದೆ ಎಂಬುದು ಅವರ ತರ್ಕ.

ಒಲೆ, ಸೋಸುವ ಕಾಗದ, ಹುಳಿ ಇಷ್ಟರಿಂದ ಕ್ಷಯವನ್ನು ಪತ್ತೆಹಚ್ಚಬಹುದೆಂದರೆ ಯಾರಿಗೆ ಆಸೆ ಹುಟ್ಟದು! ನಾನಾ ದೇಶಗಳ ವೈದ್ಯರು ಇದನ್ನು ಮಾಡಿ ನೋಡಿದರು. ಆದರೆ ನ್ಯುಮೋನಿಯದಲ್ಲಿಯೂ ಆಲ್ಬುಮಿನ್ ಬಂದಿತು. ಹೃದಯ ದುರ್ಬಲವಾಗಿ ಎದೆಯಲ್ಲಿ ನೀರು ತುಂಬಿದವರಲ್ಲಿಯೂ ಬಂದಿತು. ಗೋಡೆ ಸೋರುತ್ತಿದೆಯೆಂದು ಆ ಪರೀಕ್ಷೆ ಹೇಳಬಲ್ಲುದಾಗಿತ್ತು. ಸೋರಿಕೆಗೆ ಕಾರಣವನ್ನು ಹೇಳಲಾರದಾಗಿತ್ತು. ಕಾಲಕ್ರಮದಲ್ಲಿ ಅದು ಬಳಕೆ ತಪ್ಪಿತು. ಒಂದೇ ಪ್ರೋಟೀನನ್ನು ಹಿಡಿದು ಒಂದು ರೋಗವನ್ನು ಹೆಸರಿಸುತ್ತೇನೆಂಬ ಈ ಉತ್ಸಾಹ ಮುಂದೆಯೂ ಹಲವು ಸಲ ಉಕ್ಕಿ ಇಳಿದಿದೆ.

ಅಲೆಕ್ಸಾಂಡರ್ ಫ್ಲೆಮಿಂಗ್ ಎಂದರೆ ನಮಗೆ ಪೆನಿಸಿಲಿನ್ ನೆನಪಾಗುತ್ತದೆ. ಅದಕ್ಕೂ ಮೊದಲು, 1922ರಲ್ಲಿ ಅವನು ಪ್ರಕಟಿಸಿದ ಶೋಧವೊಂದು ನೆಗಡಿಯಿಂದ ಹುಟ್ಟಿತು. ತನ್ನ ಮೂಗಿನ ಸಿಂಬಳವನ್ನು ಕ್ರಿಮಿ ಬೆಳೆಸುವ ತಟ್ಟೆಗೆ ಹಾಕಿದಾಗ ಸುತ್ತಲಿನ ಕ್ರಿಮಿಗಳು ಕರಗಿಹೋದುದನ್ನು ಅವನು ಕಂಡನು. ಕಣ್ಣೀರು, ಜೊಲ್ಲು, ಕಫ ಎಲ್ಲದರಲ್ಲಿಯೂ ಆ ವಸ್ತು ಇತ್ತು. ಅದಕ್ಕೆ ಲೈಸೊಜೈಮ್ ಎಂದು ಹೆಸರಾಯಿತು; ಅದೂ ಪ್ರೋಟೀನೇ. ದೇಹವು ಹೊರಗೆಸೆಯುವ ಕೊಳೆಯೆಂದು ಲೋಕ ತಿಳಿದಿದ್ದ ವಸ್ತುವಿನಲ್ಲಿ ದೇಹದ ಕಾವಲುಗಾರನೊಬ್ಬನು ಸಿಕ್ಕಿದಂತಾಯಿತು.

ಇನ್ನು ಹಸಿರು ಬಣ್ಣ. ಚರಕಸಂಹಿತೆಯೂ ಗ್ರೀಕ್ ಗ್ರಂಥವೂ ಗಮನಿಸಿದ ಆ ಹಸಿರಿನ ಮೂಲ ತಿಳಿದುದು 1941ರಲ್ಲಿ. ಸ್ವೀಡನ್ ದೇಶದ ಆಗ್ನರ್ ಎಂಬಾತನು ಬಿಳಿಯ ರಕ್ತಕಣಗಳಿಂದ ಹಸಿರು ಬಣ್ಣದ ಒಂದು ಪ್ರೋಟೀನನ್ನು ಬೇರ್ಪಡಿಸಿದನು. ಇಂದು ಅದನ್ನು ಮೈಲೊಪೆರಾಕ್ಸಿಡೇಸ್ ಎನ್ನುತ್ತಾರೆ. ನಮ್ಮ ರಕ್ತವನ್ನು ಕೆಂಪಾಗಿಸುವ ಹೀಮೊಗ್ಲೋಬಿನ್ನಿನಂತೆ ಇದರಲ್ಲಿಯೂ ಕಬ್ಬಿಣದ ಅಂಶವಿದೆ, ಬಣ್ಣ ಮಾತ್ರ ಬೇರೆ. ಕ್ರಿಮಿಗಳೊಡನೆ ಹೋರಾಡಲು ನುಗ್ಗಿದ ಬಿಳಿಯ ಕಣಗಳು ಒಡೆದು ಈ ಪ್ರೋಟೀನನ್ನು ಚೆಲ್ಲಿದಾಗ ಕಫ ಹಸಿರಾಗುತ್ತದೆ. ‘ಕಫ ಹಸಿರಾಗಿದೆ, ಉಷ್ಣ ಹೆಚ್ಚಿದೆ’ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದಾಗ ಅವರ ಕಣ್ಣಿಗೆ ಬಿದ್ದುದು ಇದೇ. ಈ ಕಾಲದಲ್ಲಿಯೂ ಬಣ್ಣದ ಬೆಲೆ ಇಳಿದಿಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ರಾಬರ್ಟ್ ಸ್ಟಾಕ್ಲಿ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೀರ್ಘಕಾಲದ ಶ್ವಾಸರೋಗಿಗಳ ಕೆಮ್ಮು ಉಲ್ಬಣಿಸಿದಾಗ ಕೀವಿನಂತೆ ಹಸಿರಾದ ಕಫವಿದ್ದವರಲ್ಲಿ ಬ್ಯಾಕ್ಟೀರಿಯಗಳು ಹೆಚ್ಚಾಗಿ ದೊರೆತುವು. ಬಿಳಿಯ ಕಫವಿದ್ದವರು ಬಹುಮಟ್ಟಿಗೆ ಆ್ಯಂಟಿಬಯಾಟಿಕ್ ಇಲ್ಲದೆಯೇ ಚೇತರಿಸಿಕೊಂಡರು.

ಗೂರಲಿನ ಚಿಕಿತ್ಸೆಯಲ್ಲಿ ಕಫವನ್ನು ನೋಡಿದುದರಿಂದಲೇ ದಾರಿ ತೆರೆದ ಪ್ರಸಂಗವೊಂದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಬೇಕು. ಕಾರ್ಟಿಸೋನ್ ಎಂಬ ಔಷಧ ಬಂದ ಹೊಸತರಲ್ಲಿ, ಅದು ದೀರ್ಘಕಾಲದ ಗೂರಲಿಗೆ ಅಷ್ಟೇನೂ ಉಪಯೋಗವಿಲ್ಲವೆಂಬ ತೀರ್ಮಾನ 1956ರಲ್ಲಿ ಬ್ರಿಟನ್ನಿನ ದೊಡ್ಡದೊಂದು ಪರೀಕ್ಷೆಯಿಂದ ಹೊರಟಿತು. ಡರ್ಬಿ ಎಂಬ ಊರಿನ ಎದೆರೋಗ ವೈದ್ಯ ಹ್ಯಾರಿ ಮಾರೊ ಬ್ರೌನ್ ಅದನ್ನು ಹಾಗೆಯೇ ಒಪ್ಪಲಿಲ್ಲ. ಅವನು ತನ್ನ ರೋಗಿಗಳ ಕಫವನ್ನು ತಾನೇ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದನು. ಇಯೊಸಿನ್ ಎಂಬ ಕೆಂಬಣ್ಣವನ್ನು ಹೀರಿಕೊಳ್ಳುವುದರಿಂದ ಇಯೊಸಿನೊಫಿಲ್ ಎಂದು ಹೆಸರಾದ ಬಿಳಿಯ ಕಣಗಳು ಕೆಲವರ ಕಫದಲ್ಲಿ ಹೇರಳವಾಗಿದ್ದುವು, ಕೆಲವರಲ್ಲಿ ಇರಲೇ ಇಲ್ಲ. ಇದ್ದವರಿಗೆ ಅದೇ ವರ್ಗದ ಪ್ರೆಡ್ನಿಸೊಲೋನ್ ಔಷಧದಿಂದ ಅಪಾರ ಗುಣ ಕಂಡಿತು, ಇಲ್ಲದವರಿಗೆ ಕಾಣಲಿಲ್ಲ. 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. ಎರಡು ಬಗೆಯ ರೋಗಿಗಳನ್ನು ಒಂದೇ ರಾಶಿಗೆ ಹಾಕಿ ಅಳೆದಾಗ ಔಷಧದ ಗುಣ ಅಡಗಿಹೋಗಿದ್ದಿತು. ಮುಂದೆ ಅಮೆರಿಕದ ಮೇಯೊ ಚಿಕಿತ್ಸಾಲಯದಲ್ಲಿ ಜೆರಾಲ್ಡ್ ಗ್ಲೈಕ್ ಮತ್ತು ಸಂಗಡಿಗರು ಈ ಕಣಗಳೊಳಗಿನ ಮುಖ್ಯ ಪ್ರೋಟೀನೊಂದನ್ನು 1973ರಲ್ಲಿ ಬೇರ್ಪಡಿಸಿ, 1981ರಲ್ಲಿ ಗೂರಲಿನವರ ಕಫದಲ್ಲಿ ಅದರ ಪ್ರಮಾಣ ಏರಿರುವುದನ್ನು ತೋರಿಸಿದರು. ಶ್ವಾಸನಾಳದ ಪೊರೆಗೆ ಹಾನಿ ಮಾಡುವ ಪ್ರೋಟೀನದು.

ಇಷ್ಟೆಲ್ಲ ತಿಳಿದ ಮೇಲೂ ಕಫದ ಪ್ರೋಟೀನುಗಳನ್ನು ಅಳೆಯುವುದು ರಕ್ತವನ್ನು ಅಳೆದಷ್ಟು ಸುಲಭವಾಗಲಿಲ್ಲ. ಕಾರಣಗಳು ಮೂರು ನಾಲ್ಕು. ಎಷ್ಟೋ ರೋಗಿಗಳಿಗೆ ಕಫವೇ ಬರುವುದಿಲ್ಲ. ಬಂದರೂ ಅದರೊಡನೆ ಬಾಯಿಯ ಜೊಲ್ಲು ಬೆರೆಯುತ್ತದೆ. ಬೆರೆಯದಿದ್ದರೂ ಅದರ ಅಂಟಿನಿಂದಾಗಿ ಯಾವ ಸಾಧನಕ್ಕೂ ಅದು ಬಗ್ಗುವುದಿಲ್ಲ. ಮೊದಲನೆಯ ತೊಡಕಿಗೆ ಉಪ್ಪುನೀರು ಪರಿಹಾರವಾಯಿತು. ಗಾಢವಾದ ಉಪ್ಪುನೀರಿನ ಮಂಜನ್ನು ಉಸಿರಿನೊಡನೆ ಎಳೆದುಕೊಂಡರೆ ಒಣಕೆಮ್ಮಿನವರಲ್ಲಿಯೂ ಕಫ ಏಳುತ್ತದೆ. ಕೆನಡದ ಹ್ಯಾಮಿಲ್ಟನ್ ನಗರದ ಹಾರ್ಗ್ರೀವ್ ಮತ್ತು ಸಂಗಡಿಗರು 1992ರಲ್ಲಿ ಗೂರಲಿನ ಅಧ್ಯಯನಕ್ಕೆ ಇದನ್ನು ಶಾಸ್ತ್ರೀಯ ಕ್ರಮವಾಗಿ ರೂಪಿಸಿದರು. ಅಂಟನ್ನು ಕರಗಿಸಲು ಬಳಸುವ ರಾಸಾಯನಿಕದಲ್ಲಿ ಮತ್ತೊಂದು ತೊಡಕು ಅಡಗಿದೆ. ಮ್ಯೂಸಿನ್ನಿನ ಉದ್ದನೆಯ ಎಳೆಗಳನ್ನು ಗಂಧಕದ ಕೊಂಡಿಗಳು ಒಂದಕ್ಕೊಂದು ಬಿಗಿದಿರುತ್ತವೆ. ಕೊಂಡಿ ಕಳಚಿದರೆ ಕಫ ನೀರಾಗುತ್ತದೆ. ಆದರೆ ಅಂತಹುದೇ ಕೊಂಡಿಗಳು ಬೇರೆ ಪ್ರೋಟೀನುಗಳಲ್ಲಿಯೂ ಇರುವುದರಿಂದ, ಅಳೆಯಹೊರಟ ವಸ್ತುವೇ ರೂಪಗೆಡುವ ಸಂಭವವುಂಟು. ಬೀಗ ಮುರಿಯಲು ಹೋಗಿ ಪೆಟ್ಟಿಗೆಯನ್ನೇ ಒಡೆದಂತಾಗಬಾರದಲ್ಲವೆ?

ಉಪಕರಣಗಳ ಇತಿಹಾಸವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ವಿದ್ಯುತ್ತಿನ ಬಲದಿಂದ ಪ್ರೋಟೀನುಗಳನ್ನು ಬೇರ್ಪಡಿಸುವ ಸಾಧನವನ್ನು 1937ರಲ್ಲಿ ಸ್ವೀಡನ್ನಿನ ಟಿಸೇಲಿಯಸ್ ರೂಪಿಸಿ, 1948ರಲ್ಲಿ ನೊಬೆಲ್ ಪ್ರಶಸ್ತಿ ಪಡೆದನು. 1975ರಲ್ಲಿ ಓಫ್ಯಾರೆಲ್ ಎಂಬಾತನು ಒಂದೇ ಹಾಳೆಯಂತಹ ಜೆಲ್ಲಿನ ಮೇಲೆ ನೂರಾರು ಪ್ರೋಟೀನುಗಳನ್ನು ಚುಕ್ಕಿಗಳಾಗಿ ಹರಡುವ ವಿಧಾನ ಕೊಟ್ಟನು. ತೂಕದಿಂದ ಪ್ರೋಟೀನುಗಳನ್ನು ಗುರುತಿಸುವ ಯಂತ್ರಕ್ಕೆ ದಾರಿಮಾಡಿದ ಫೆನ್ ಮತ್ತು ತನಕ ಅವರಿಗೆ 2002ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಈ ಯಂತ್ರವನ್ನು ಬಳಸಿ 2006ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು ಕಫದಲ್ಲಿ 200ರ ಸಮೀಪ ಮಾನವ ಪ್ರೋಟೀನುಗಳನ್ನು ಗುರುತಿಸಿದರು. ಪಟ್ಟಿ ಅನಂತರ ಬೆಳೆಯುತ್ತಲೇ ಹೋಗಿದೆ. ಪಟ್ಟಿ ಬೆಳೆದ ಮಾತ್ರಕ್ಕೆ ರೋಗಿಗೆ ಗುಣವಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಅಮೆರಿಕದ ಟಾಕ್ಮನ್ ಮತ್ತು ಸಂಗಡಿಗರು 1988ರಿಂದ, ಕಫದಲ್ಲಿ ಬರುವ ಜೀವಕೋಶಗಳೊಳಗಿನ ಪ್ರೋಟೀನೊಂದನ್ನು ಹಿಡಿದು ಶ್ವಾಸಕೋಶದ ಕ್ಯಾನ್ಸರನ್ನು ಮುಂಚಿತವಾಗಿ ಅರಿಯಲು ಶ್ರಮಿಸಿದರು. ಚೀನದ ಯುನ್ನಾನ್ ಪ್ರಾಂತದ ತವರದ ಗಣಿಕಾರ್ಮಿಕರಲ್ಲಿಯೂ ಪರೀಕ್ಷ ಮಾಡಿ 1997ರಲ್ಲಿ ಆಶಾದಾಯಕ ಫಲಗಳನ್ನು ಪ್ರಕಟಿಸಿದರು. ಆದರೂ ಅದು ಆಸ್ಪತ್ರೆಗಳ ನಿತ್ಯದ ಪರೀಕ್ಷೆಯಾಗಲಿಲ್ಲ. ರೋಜೆಯ ಆಲ್ಬುಮಿನ್ ಕಥೆಯೇ ಮರುಕಳಿಸಿದಂತಾಯಿತು.

ಪ್ರೋಟೀನಿನ ಜಾಡು ಹಿಡಿದು ಔಷಧದವರೆಗೂ ತಲುಪಿದ ಒಂದು ದಾರಿಯೂ ಉಂಟು. ಅದು ಆರಂಭವಾದುದು ಕಫದಿಂದಲ್ಲ, ರಕ್ತದಿಂದ. 1963ರಲ್ಲಿ ಸ್ವೀಡನ್ನಿನ ಮಾಲ್ಮೊ ನಗರದಲ್ಲಿ ಲಾರೆಲ್ ಎಂಬ ವಿಜ್ಞಾನಿಯೂ ಎರಿಕ್ಸನ್ ಎಂಬ ತರುಣ ವೈದ್ಯನೂ ಸುಮಾರು 1,500 ಮಂದಿಯ ರಕ್ತದ ಪಟ್ಟಿಗಳನ್ನು ನೋಡುತ್ತಿದ್ದಾಗ, ಐದರಲ್ಲಿ ಮಾತ್ರ ಒಂದು ಗೆರೆ ಕಾಣೆಯಾಗಿರುವುದನ್ನು ಗಮನಿಸಿದರು. ಆ ಐವರಲ್ಲಿ ಮೂವರಿಗೆ ಶ್ವಾಸಕೋಶ ಶಿಥಿಲವಾಗುವ ರೋಗವಿದ್ದಿತು. ಕಾಣೆಯಾದುದು ಆಲ್ಫಾ-1 ಆ್ಯಂಟಿಟ್ರಿಪ್ಸಿನ್ ಎಂಬ ಪ್ರೋಟೀನು. ಅದರ ಕೆಲಸ ಮತ್ತೊಂದು ಪ್ರೋಟೀನಿಗೆ ಲಗಾಮು ಹಾಕುವುದು. ಆ ಮತ್ತೊಂದು, ಬಿಳಿಯ ಕಣಗಳಿಂದ ಹೊರಬರುವ ಇಲಾಸ್ಟೇಸ್. ಕ್ರಿಮಿಗಳನ್ನು ಅರಗಿಸಲು ದೇಹವು ಸಿದ್ಧಪಡಿಸಿಟ್ಟ ಈ ಆಯುಧಕ್ಕೆ ಲಗಾಮು ತಪ್ಪಿದರೆ, ಅದು ಶ್ವಾಸಕೋಶದ ಹಿಗ್ಗಿಕುಗ್ಗುವ ನಾರುಗಳನ್ನೇ ತಿಂದುಹಾಕುತ್ತದೆ. ಬರ್ಮಿಂಗ್‌ಹ್ಯಾಮ್‌ನ ಸ್ಟಾಕ್ಲಿ 1979ರಲ್ಲಿಯೇ ಇದನ್ನು ಕಫದಲ್ಲಿ ಹುಡುಕತೊಡಗಿದ್ದನು. 2017ರಲ್ಲಿ ಸ್ಕಾಟ್ಲೆಂಡಿನ ಡಂಡೀ ನಗರದ ಜೇಮ್ಸ್ ಚಾಮರ್ಸ್ ಮತ್ತು ಸಂಗಡಿಗರು, ಶ್ವಾಸನಾಳಗಳು ಶಾಶ್ವತವಾಗಿ ಹಿಗ್ಗಿ ಕಫ ಮಡುಗಟ್ಟುವ ಬ್ರಾಂಕಿಯೆಕ್ಟೇಸಿಸ್ ಎಂಬ ರೋಗದಲ್ಲಿ, ಕಫದಲ್ಲಿ ಇಲಾಸ್ಟೇಸ್ ಹೆಚ್ಚಿದ್ದವರಿಗೆ ರೋಗ ಮರಳಿ ಮರಳಿ ಉಲ್ಬಣಿಸುವುದೆಂದೂ ಅವರ ಶ್ವಾಸಶಕ್ತಿ ಕುಗ್ಗುವುದೆಂದೂ ತೋರಿಸಿದರು. ಹಾಗಾದರೆ ಆ ಆಯುಧ ಹದಗೊಳ್ಳುವುದನ್ನೇ ತಡೆಯಬಾರದೇಕೆ? ಅದಕ್ಕಾಗಿ ಹುಟ್ಟಿದ ಬ್ರೆನ್ಸೊಕ್ಯಾಟಿಬ್ ಎಂಬ ಗುಳಿಗೆಯ ಪರೀಕ್ಷೆಯೊಂದು 2020ರಲ್ಲಿ ಪ್ರಕಟವಾಯಿತು. ಅದರಲ್ಲಿ ರೋಗಿಗಳ ಕಫದ ಇಲಾಸ್ಟೇಸ್ ಇಳಿದುದು ಕಂಡುಬಂದಿತು. 2025ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ರೋಗದ ಉಲ್ಬಣಗಳು ಸುಮಾರು ಐದರಲ್ಲಿ ಒಂದು ಪಾಲಿನಷ್ಟು ಕಡಿಮೆಯಾದುವು. ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಈ ಔಷಧಕ್ಕೆ ಮನ್ನಣೆ ದೊರೆಯಿತು.

ಬ್ರಾಂಕಿಯೆಕ್ಟೇಸಿಸ್ ಎಂಬುದು ಯಾವುದೋ ದೂರದೇಶದ ರೋಗವೆಂದು ಭಾವಿಸದಿರಿ. ಭಾರತದ 2,195 ರೋಗಿಗಳನ್ನು ಕುರಿತು 2019ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಅವರಲ್ಲಿ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಮಂದಿಗೆ ಈ ರೋಗ ಅಂಟಿಕೊಂಡುದು ಹಿಂದೆ ಬಂದುಹೋದ ಕ್ಷಯದ ಫಲವಾಗಿ. ಕ್ಷಯ ವಾಸಿಯಾಯಿತೆಂದು ಮಾತ್ರೆ ನಿಲ್ಲಿಸಿದ ಬಳಿಕವೂ, ಗಾಯಗೊಂಡ ಶ್ವಾಸನಾಳಗಳು ಹಾಗೆಯೇ ಉಳಿಯುತ್ತವೆ. ‘ಕ್ಷಯ ಹೋಯಿತಲ್ಲ, ಇನ್ನೇಕೆ ಕೆಮ್ಮು?’ ಎಂದು ಮನೆಯವರು ಕೇಳುವ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಇದೇ ಆಗಿರುತ್ತದೆ. ಅಂತಹವರ ಕಫದಲ್ಲಿ ಕ್ರಿಮಿಯನ್ನು ಹುಡುಕಿ, ಸಿಗಲಿಲ್ಲವೆಂದು ಹಿಂದಕ್ಕೆ ಕಳುಹಿಸುವುದು ತುಮಕೂರಿನ ಆ ಕೆಮ್ಮಿನ ಸೀಸೆಯ ಮತ್ತೊಂದು ಅವತಾರವೇ ಸರಿ.

ಈಗ ಲೈಡೆನ್ನನ ಹರಳುಗಳು. ಅವು ಇಯೊಸಿನೊಫಿಲ್ ಕಣಗಳಲ್ಲಿರುವ ಒಂದು ಪ್ರೋಟೀನು ಹೆಪ್ಪುಗಟ್ಟಿ ಆದುವೆಂದು ಇಪ್ಪತ್ತನೆಯ ಶತಮಾನದಲ್ಲಿ ತಿಳಿಯಿತು. ಅದು ಕೊಬ್ಬನ್ನು ಒಡೆಯುವ ಒಂದು ಕಿಣ್ವವೆಂದು 1980ರ ಸುಮಾರಿಗೆ ಹೇಳಿದ್ದರು. ಅದು ತಪ್ಪೆಂದು ಆಮೇಲೆ ಸಿದ್ಧವಾಯಿತು. 1995ರಲ್ಲಿ ಕ್ಷಕಿರಣಗಳ ಮೂಲಕ ಅದರ ರಚನೆ ಬಯಲಾಗಿ, ಗ್ಯಾಲೆಕ್ಟಿನ್ ಎಂಬ ಪ್ರೋಟೀನು ಕುಲಕ್ಕೆ ಅದು ಸೇರಿತು; ಈಗ ಅದರ ಹೆಸರು ಗ್ಯಾಲೆಕ್ಟಿನ್-10. ಆದರೂ ಹರಳು ಎಂದರೆ ಸತ್ತ ಕಣಗಳ ಅವಶೇಷ, ಒಲೆಯಲ್ಲಿ ಉಳಿದ ಬೂದಿಯಂತೆ ನಿರುಪದ್ರವಿ ಎಂದೇ ಬಹುತೇಕ ಎಲ್ಲರೂ ಎಣಿಸಿದ್ದರು. 2019ರಲ್ಲಿ ಬೆಲ್ಜಿಯಂ ದೇಶದ ಗೆಂಟ್ ನಗರದ ಬಾರ್ಟ್ ಲ್ಯಾಂಬ್ರೆಕ್ಟ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಬೇರೆಯೇ ಸಂಗತಿಯನ್ನು ಪ್ರಕಟಿಸಿದರು. ಈ ಪ್ರೋಟೀನನ್ನು ಕರಗಿದ ಸ್ಥಿತಿಯಲ್ಲಿ ಇಲಿಗಳ ಶ್ವಾಸನಾಳಕ್ಕೆ ಬಿಟ್ಟರೆ ಏನೂ ಆಗಲಿಲ್ಲ. ಹರಳಿನ ರೂಪದಲ್ಲಿ ಬಿಟ್ಟರೆ ಗೂರಲಿನಂತಹ ಉರಿಯೂತ ಎದ್ದಿತು. ಹರಳು ರೋಗದ ಗುರುತಷ್ಟೇ ಆಗಿರದೆ ರೋಗವನ್ನು ಬೆಳೆಸುವುದರಲ್ಲಿಯೂ ಕೈಗೂಡಿಸುತ್ತದೆಂದಾಯಿತು. ಅವರು ಸಿದ್ಧಪಡಿಸಿದ ಪ್ರತಿಕಾಯಗಳು ರೋಗಿಗಳಿಂದ ತೆಗೆದ ಲೋಳೆಯಲ್ಲಿದ್ದ ಹರಳುಗಳನ್ನು ಕೆಲವು ಗಂಟೆಗಳೊಳಗೆ ಕರಗಿಸಿದುವು. ಇದು ಇನ್ನೂ ಪ್ರಯೋಗಶಾಲೆಯ ಮಾತು, ಔಷಧದಂಗಡಿಯದಲ್ಲ. ನರವನ್ನು ಚುಚ್ಚುವುದೆಂಬ ಲೈಡೆನ್ನನ ವಿವರಣೆ ಅಕ್ಷರಶಃ ನಿಜವಾಯಿತೆಂದೂ ಹೇಳಲಾಗದು. ಆದರೆ ಆ ಹರಳು ನಿರಪರಾಧಿಯಲ್ಲವೆಂದು 1872ರಲ್ಲಿ ಅವನು ಪಟ್ಟ ಸಂದೇಹ 147 ವರ್ಷಗಳ ಮೇಲೆ ಮತ್ತೆ ವಿಚಾರಣೆಗೆ ಬಂದಿತು.

ನಮ್ಮ ತಾಲೂಕು ಆಸ್ಪತ್ರೆಗಳಲ್ಲಿ ಇಂದು ಕಫ ಕೇಳುವುದು ಬಹುಮಟ್ಟಿಗೆ ಕ್ಷಯಕ್ಕಾಗಿ. ಸೂಕ್ಷ್ಮದರ್ಶಕದ ಜೊತೆಗೆ ಕ್ರಿಮಿಯ ಡಿಎನ್‌ಎಯನ್ನು ಹುಡುಕುವ ಯಂತ್ರಗಳೂ ಬಂದಿವೆ. ಇಲಾಸ್ಟೇಸ್ ಮೊದಲಾದ ಪ್ರೋಟೀನುಗಳ ಅಳತೆ ಹೆಚ್ಚಾಗಿ ಸಂಶೋಧನಾಲಯಗಳಲ್ಲಿಯೇ ಉಳಿದಿದೆ. ಯಾವ ಪರೀಕ್ಷೆಯೇ ಆಗಲಿ, ಮೊದಲ ಕೆಲಸ ರೋಗಿಯದು. ಡಬ್ಬಿ ಕೈಗೆ ಬಂದಾಗ ತಾವು ಹೀಗೆ ಮಾಡಬೇಕು. ಬೆಳಿಗ್ಗೆ ಎದ್ದೊಡನೆ ಬರುವ ಕಫವೇ ಉತ್ತಮ. ಬಾಯನ್ನು ಬರಿಯ ನೀರಿನಿಂದ ಮುಕ್ಕಳಿಸಿ. ಜನರಿಂದ ದೂರ, ಗಾಳಿಯಾಡುವ ಬಯಲಿನಲ್ಲಿ ನಿಂತು, ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದು ಎದೆಯ ಆಳದಿಂದ ಕೆಮ್ಮಿ. ಗಂಟಲಿನ ಉಗುಳು ಬೇಡ. ಎದೆಯಿಂದ ಎದ್ದ ಗಟ್ಟಿ ಕಫ ಬೇಕು. ಎಂಜಲಿಗೆ ಸೂತಕವಿಲ್ಲವೆಂದ ಮಾತ್ರಕ್ಕೆ ಕಂಡಲ್ಲಿ ಉಗುಳಬಹುದೆಂದು ಅರ್ಥವಲ್ಲ, ಕ್ಷಯದ ಕ್ರಿಮಿ ಹರಡುವುದು ಕೆಮ್ಮಿನಿಂದಲೇ. ಆದುದರಿಂದ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ಕೈ ತೊಳೆದುಕೊಂಡು, ಡಬ್ಬಿಯನ್ನು ಮರೆಮಾಚದೆ ಹಿಡಿದು ನೇರವಾಗಿ ಪರೀಕ್ಷಾಲಯದ ಕಿಟಕಿಗೆ ಕೊಂಡುಹೋಗಿ ಕೊಡಿ.